ಮೇವು ಹುಡುಕಿ ನಡೆದ ದೈತ್ಯರು

(ಭಾನುವಾರದ ಅಭ್ಯಾಸಕೂಟದಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಈ ಹೊತ್ತಿನ ವಿಷಯ ಡೈನೋಸಾರ್ ಎಂದು ಕೇಳಿ ಕೆಲವರಿಗೆ ನಗು ಬಂದಿರಬಹುದು. ಬೇಳೆಯ ಬೆಲೆ, ಬೋನಸ್ಸಿನ ಲೆಕ್ಕ, ಪಾಳಿಯ ತಕರಾರು ಇವೆಲ್ಲ ಇರುವಾಗ, ಕೋಟಿಗಟ್ಟಲೆ ವರ್ಷಗಳ ಹಿಂದೆ ಅಳಿದ ಪ್ರಾಣಿಯ ಮಾತು ನಮಗೇಕೆ ಎಂದು ಕೇಳುವುದು ತಪ್ಪಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಿಜಯಪುರ, ಕಲಬುರಗಿ ಸೀಮೆಯ ಎರೆಮಣ್ಣಿನಲ್ಲಿ ಬೆಳೆದು ಗಿರಣಿಗೆ ಬರುವ ಹತ್ತಿ ಇದೆಯಷ್ಟೆ. ಆ ಎರೆಮಣ್ಣು ಡೈನೋಸಾರ್‌ಗಳ ಕೊನೆಗಾಲದಲ್ಲಿ ಭೂಮಿಯ ಒಳಗಿನಿಂದ ಉಕ್ಕಿಬಂದ ಕಲ್ಲಿನಿಂದ ಆದುದು. ದೇಶದ ಕಲ್ಲಿದ್ದಲಿನ ಬಹುಪಾಲು, ಆ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲು ಇದೇ ನೆಲದ ಮೇಲೆ ನಿಂತಿದ್ದ ಕಾಡು. ನಾವು ನೂಲುವುದೂ ಉರಿಸುವುದೂ ಆ ಹಳೆಯ ನೆಲದ ಗಳಿಕೆಯನ್ನೇ. ಆದುದರಿಂದ ಆ ನೆಲದ ಕಥೆ ನಮಗೆ ದೂರದ್ದಲ್ಲ.

ಡೈನೋಸಾರ್‌ಗಳಲ್ಲಿ ಮಾಂಸ ತಿನ್ನುವುವೂ ಇದ್ದುವು, ಸೊಪ್ಪು ತಿನ್ನುವುವೂ ಇದ್ದುವು. ಸಿನಿಮಾದವರಿಗೆ ಹಲ್ಲು ಕಿರಿಯುವ ಪ್ರಾಣಿಯೇ ಇಷ್ಟ. ನಾನು ಹೇಳಹೊರಟಿರುವುದು ಸೊಪ್ಪು ತಿನ್ನುವ, ಉದ್ದ ಕತ್ತಿನ, ನಾಲ್ಕು ಕಾಲಿನ ದೈತ್ಯರ ವಿಷಯ. ಅವುಗಳಲ್ಲಿ ಟೈಟಾನೊಸಾರ್ ಎಂಬುದೊಂದು ಬಳಗ. ಈ ಬಳಗದ ಮೂಳೆಗಳು ನಮ್ಮ ಜಬಲ್ಪುರದಲ್ಲಿ ಸಿಕ್ಕಿವೆ. ಮಡಗಾಸ್ಕರಿನಲ್ಲಿ, ದಕ್ಷಿಣ ಅಮೆರಿಕದ ಅರ್ಜೆಂಟೈನಾದಲ್ಲಿ, ಆಸ್ಟ್ರೇಲಿಯಾದಲ್ಲಿ ಸಿಕ್ಕಿವೆ. ಹಿಮ ಮುಚ್ಚಿದ ಅಂಟಾರ್ಕ್ಟಿಕಾದ ಅಂಚಿನ ಜೇಮ್ಸ್ ರಾಸ್ ದ್ವೀಪದಲ್ಲಿಯೂ ಬಾಲದ ಮೂಳೆಯೊಂದು ಸಿಕ್ಕಿದೆ. ಇವಕ್ಕೆ ರೆಕ್ಕೆಯಿಲ್ಲ, ಈಜುರೆಕ್ಕೆಯೂ ಇಲ್ಲ. ಹತ್ತಾನೆಯ ತೂಕದ ಪ್ರಾಣಿ ಸಾವಿರಾರು ಮೈಲಿ ಸಮುದ್ರ ದಾಟಿತೆಂದರೆ ಯಾರು ನಂಬುತ್ತಾರೆ? ಹಾಗಾದರೆ ಅವು ಹೋದುದು ಹೇಗೆ? ಹೋದ ಕಡೆಯಲ್ಲೆಲ್ಲ ಬದುಕಿದುದು ಹೇಗೆ? ಈ ಎರಡು ಪ್ರಶ್ನೆಗಳೇ ಇವತ್ತಿನ ಭಾಷಣ.

ಜಬಲ್ಪುರದ ಗುಡ್ಡ

1828ರಲ್ಲಿ ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಕಂಪನಿ ಸರ್ಕಾರದ ಅಧಿಕಾರಿ ಸ್ಲೀಮನ್ ಎಂಬಾತನಿಗೆ ಕಲ್ಲಾದ ಮೂಳೆಗಳು ದೊರೆತುವು. ಆಗ ಜಗತ್ತಿನಲ್ಲಿ ಡೈನೋಸಾರ್ ಎಂಬ ಹೆಸರೇ ಇರಲಿಲ್ಲ. ಆ ಹೆಸರು ಹುಟ್ಟಿದ್ದು 1842ರಲ್ಲಿ. ಮೂಳೆಗಳು ಕೈಯಿಂದ ಕೈಗೆ ದಾಟಿ ಕಲ್ಕತ್ತೆಗೆ ಹೋದುವು. 1877ರಲ್ಲಿ ಲಿಡೆಕ್ಕರ್ ಎಂಬ ಪಂಡಿತ ಅವನ್ನು ಪರೀಕ್ಷಿಸಿ ಟೈಟಾನೊಸಾರಸ್ ಇಂಡಿಕಸ್, ಅಂದರೆ ಭಾರತದ ದೈತ್ಯ ಹಲ್ಲಿ ಎಂದು ಹೆಸರಿಟ್ಟ. ಇಡೀ ಬಳಗಕ್ಕೆ ಇಂದು ಜಗತ್ತು ಹೇಳುವ ಹೆಸರು ಬಂದುದು ನಮ್ಮ ಜಬಲ್ಪುರದ ಮೂಳೆಯಿಂದ.

ಆದರೆ ಆ ಮೂಳೆಗಳು ಮುಂದೆ ಕಾಣೆಯಾದುವು. ಪುಸ್ತಕದಲ್ಲಿ ಚಿತ್ರವಿತ್ತು, ವಸ್ತುವಿರಲಿಲ್ಲ. 2012ರಲ್ಲಿ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹವನ್ನು ಜಾಲಾಡಿದಾಗ, ಹೆಸರಿಗೆ ಆಧಾರವಾದ ಬಾಲದ ಮೂಳೆ ಮತ್ತೆ ದೊರೆಯಿತು. ಅಷ್ಟರೊಳಗೆ 2003ರಲ್ಲಿ ವಿಜ್ಞಾನಿಗಳು, ಅಷ್ಟು ಕಡಿಮೆ ಮೂಳೆಯಿಂದ ಒಂದು ಜಾತಿಯನ್ನು ಬೇರೆ ಎಂದು ಗುರುತಿಸಲಾಗದು, ಆ ಜಾತಿಯ ಹೆಸರು ನಿಲ್ಲದು ಎಂದು ತೀರ್ಮಾನಿಸಿದ್ದರು. ಬಳಗದ ಹೆಸರು ಮಾತ್ರ ಉಳಿಯಿತು. ಸಾಕ್ಷಿಯನ್ನು ಜೋಪಾನ ಮಾಡದಿದ್ದರೆ ಏನಾಗುತ್ತದೆಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ. ಕೊನೆಯಲ್ಲಿ ಈ ಮಾತಿಗೆ ಬರುತ್ತೇನೆ.

ನೆಲ ಒಂದೇ ಇತ್ತು

ಈಗ ಮೊದಲ ಪ್ರಶ್ನೆ. ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ ಈ ಐದು ಕಡೆಯ ಹಳೆಯ ಬಂಡೆಗಳಲ್ಲಿ ಒಂದೇ ಬಗೆಯ ಎಲೆಯ ಗುರುತು ಸಿಕ್ಕುತ್ತದೆ. ಗ್ಲಾಸೊಪ್ಟೆರಿಸ್ ಎಂದು ಆ ಮರದ ಹೆಸರು, ನಾಲಿಗೆಯಂಥ ಎಲೆ. ನಮ್ಮ ಝರಿಯಾ, ರಾಣಿಗಂಜ್, ಸಿಂಗರೇಣಿ ಗಣಿಗಳ ಕಲ್ಲಿದ್ದಲು ಆಗಿರುವುದು ಈ ಮರಗಳಿದ್ದ ಕಾಡುಗಳಿಂದ. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಹಸಿವೆ, ಚಳಿಗಳಿಂದ ಸತ್ತ ಸ್ಕಾಟ್ ಮತ್ತು ಸಂಗಡಿಗರ ಹೆಣಗಳ ಹತ್ತಿರ ಸುಮಾರು 16 ಕಿಲೋ ಕಲ್ಲುಗಳು ಸಿಕ್ಕಿದುವು. ಹೆಜ್ಜೆಯಿಡಲು ತ್ರಾಣವಿಲ್ಲದಾಗಲೂ ಅವರು ಆ ಭಾರವನ್ನು ಎಸೆದಿರಲಿಲ್ಲ. ಆ ಕಲ್ಲುಗಳಲ್ಲಿ ಇದೇ ಗ್ಲಾಸೊಪ್ಟೆರಿಸ್ ಎಲೆಯ ಗುರುತುಗಳಿದ್ದುವು.

ಈ ನೆಲಗಳೆಲ್ಲ ಒಂದು ಕಾಲಕ್ಕೆ ಕೂಡಿದ್ದುವೆಂದು ಊಹಿಸಿ ಆಸ್ಟ್ರಿಯದ ಸೂಯೆಸ್ ಎಂಬ ಪಂಡಿತ 1885ರಲ್ಲಿ ಅದನ್ನು ಗೊಂಡ್ವಾನಾ ಭೂಮಿ ಎಂದು ಕರೆದ. ಈ ಹೆಸರು ಯಾವ ರಾಜನದೂ ಅಲ್ಲ, ಸಾಮ್ರಾಜ್ಯದ್ದೂ ಅಲ್ಲ. ನಡುಭಾರತದ ಕಾಡುಗಳಲ್ಲಿ ಬದುಕುವ ಗೊಂಡ ಜನರ ಸೀಮೆಯ ಹೆಸರು. ಆದರೆ ಸೂಯೆಸ್ ತಿಳಿದುದು ನಡುವಣ ನೆಲ ಸಮುದ್ರದಲ್ಲಿ ಮುಳುಗಿತೆಂದು. ನೆಲ ಮುಳುಗಲಿಲ್ಲ, ಒಡೆದು ಸರಿಯಿತು ಎಂದು 1912ರಲ್ಲಿ ವಾದಿಸಿದವನು ಜರ್ಮನಿಯ ಆಲ್ಫ್ರೆಡ್ ವೆಗನರ್. ಖಂಡಗಳನ್ನು ತಳ್ಳುವ ಬಲ ಯಾವುದು ಎಂಬುದಕ್ಕೆ ಅವನಿಂದ ತಕ್ಕ ಉತ್ತರ ಬರಲಿಲ್ಲ. ದೊಡ್ಡ ದೊಡ್ಡ ಪಂಡಿತರು ನಕ್ಕರು. 1930ರಲ್ಲಿ ಆತ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸತ್ತ. 1960ರ ದಶಕದಲ್ಲಿ ಸಮುದ್ರದ ತಳವೇ ಹರಡುತ್ತಿದೆ ಎಂಬುದು ಅಳತೆಗೆ ಸಿಕ್ಕಿದ ಮೇಲೆ ನಗು ನಿಂತಿತು.

ಅಂದಮೇಲೆ ದೈತ್ಯರು ಸಮುದ್ರ ದಾಟಲಿಲ್ಲ. ನೆಲದ ಮೇಲೆ ನಡೆದುಹೋದುವು. ಸಮುದ್ರ ಆಮೇಲೆ ಬಂದಿತು.

ಹಾದಿಯೂ ಬೇಕು, ಮೇವೂ ಬೇಕು

ಆದರೆ ಹಾದಿ ಇದ್ದ ಮಾತ್ರಕ್ಕೆ ಎಲ್ಲರೂ ಎಲ್ಲಿಗೂ ಹೋಗಲಾರರು. ಈ ದೈತ್ಯರ ಪೂರ್ವಿಕರು ಸುಮಾರು 23 ಕೋಟಿ ವರ್ಷಗಳ ಹಿಂದೆ ದಕ್ಷಿಣದಲ್ಲಿ ಕಾಣಿಸಿಕೊಂಡುವು. ಅರ್ಜೆಂಟೈನಾದ ಇಷಿಗುವಾಲಾಸ್ಟೊ ಕಣಿವೆಯಲ್ಲಿ ಸಿಕ್ಕಿದ, ಮೂಗಿನಿಂದ ಬಾಲದ ತುದಿಗೆ ಒಂದೂಕಾಲು ಮೀಟರಿನಷ್ಟು ಉದ್ದದ ಒಂದು ಪ್ರಾಣಿಗೆ ಪ್ಯಾನ್‌ಫೇಜಿಯಾ ಎಂದು ಹೆಸರು. ಎಲ್ಲವನ್ನೂ ತಿನ್ನುವುದು ಎಂದು ಅದರ ಅರ್ಥ. ಮುಂದೆ ಹತ್ತಾನೆಯ ತೂಕಕ್ಕೆ ಬೆಳೆದ ವಂಶ ಇಂಥ ನಾಯಿಗಾತ್ರದ ಜೀವಗಳಿಂದ ಹೊರಟಿತು. ಆಫ್ರಿಕದ ಜಿಂಬಾಬ್ವೆಯಲ್ಲಿ ಸಿಕ್ಕಿ 2022ರಲ್ಲಿ ಹೆಸರು ಪಡೆದ ಎಂಬಿರೆಸಾರಸ್ ಕೂಡ ಇದೇ ಕಾಲದ್ದು. ನಮ್ಮ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿಯೂ ಈ ವಂಶದ ಹಳೆಯ ಮೂಳೆಗಳು ದೊರೆತಿವೆ.

ಆಗ ದಕ್ಷಿಣದ ನೆಲ ಉತ್ತರದ ನೆಲಕ್ಕೂ ಕೂಡಿಕೊಂಡೇ ಇತ್ತು. ನಡುವೆ ಸಮುದ್ರವಿರಲಿಲ್ಲ. ಆದರೂ ಇವು ಗ್ರೀನ್‌ಲ್ಯಾಂಡನ್ನು ಮುಟ್ಟಲು ಸುಮಾರು ಒಂದೂವರೆ ಕೋಟಿ ವರ್ಷ ಹಿಡಿಯಿತು. ಕಾರಣವೇನು? ನಡುವೆ ಸುಡುವ ಬೆಂಗಾಡಿನ ಪಟ್ಟಿ. ಮಾಂಸ ತಿನ್ನುವ ಪ್ರಾಣಿ ಹೇಗೋ ದಾಟೀತು. ದಿನವೆಲ್ಲ ಸೊಪ್ಪು ಬೇಕಾದ ಪ್ರಾಣಿ ದಾಟುವುದು ಹೇಗೆ? ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಇಳಿದು, ಸೆಕೆ ತಗ್ಗಿ, ಬೆಂಗಾಡು ಸ್ವಲ್ಪ ಹಸುರಾದ ಮೇಲೆ, ಸುಮಾರು 21 ಕೋಟಿ 40 ಲಕ್ಷ ವರ್ಷಗಳ ಹಿಂದೆ ಅವು ಉತ್ತರಕ್ಕೆ ನುಗ್ಗಿದುವು ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಾದಿಸುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆ ಇದ್ದರೆ ಸಾಲದು, ದಾರಿಯಲ್ಲಿ ಊಟವೂ ಇರಬೇಕು.

ನಮ್ಮ ದೇಶದಲ್ಲಿ ಈ ವಂಶದ ದೊಡ್ಡ ಸಾಕ್ಷಿ ದೊರೆತುದು ಗೋದಾವರಿ ಕಣಿವೆಯಲ್ಲಿ. ಲೆಕ್ಕಶಾಸ್ತ್ರದ ಮಹಲನೋಬಿಸ್ ಅವರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಪೋಚಂಪಲ್ಲಿ ಎಂಬ ಹಳ್ಳಿಯ ಬಳಿ ಅಗೆದು, ಸುಮಾರು 300 ಮೂಳೆಗಳನ್ನು ಹೊರತೆಗೆದರು. ಅವುಗಳಲ್ಲಿ ಆಳೆತ್ತರದ ತೊಡೆಮೂಳೆಯೊಂದಿತ್ತು. 1961 ರವೀಂದ್ರನಾಥ ಠಾಕೂರರ ಜನ್ಮಶತಮಾನದ ವರ್ಷ. ಆದುದರಿಂದ 1975ರಲ್ಲಿ ಹೆಸರಿಡುವಾಗ ಬರಾಪಾಸಾರಸ್ ಟಾಗೋರಿ ಎಂದರು. ಬಂಗಾಳಿಯಲ್ಲಿ ಬರಾ ಪಾ ಎಂದರೆ ದೊಡ್ಡ ಕಾಲು. ಸುಮಾರು 14 ಮೀಟರ್ ಉದ್ದದ ಈ ಪ್ರಾಣಿಯ ಅಸ್ಥಿಪಂಜರವನ್ನು ಕೋಲ್ಕತ್ತದ ಆ ಸಂಸ್ಥೆಯಲ್ಲಿ ನಿಲ್ಲಿಸಿದ್ದಾರೆ.

ಆ ಹೊಟ್ಟೆ ತುಂಬಿದ್ದು ಹೇಗೆ?

ಅರ್ಜೆಂಟೈನಾದ ಪಾಟಗೊಟೈಟನ್ ಎಂಬುದು ಸುಮಾರು 37 ಮೀಟರ್ ಉದ್ದ. ತೂಕ 50 ಟನ್ನಿಗೂ ಮೇಲೆ ಎಂದು ಎಣಿಕೆ. ಅದರ ಮೊದಲ ಮೂಳೆಯನ್ನು ಕಂಡವನು ಪ್ರೊಫೆಸರನಲ್ಲ, ಕುರಿ ಮೇಯುವ ಜಮೀನಿನ ಒಬ್ಬ ಕೂಲಿಯಾಳು. ಇಷ್ಟು ದೊಡ್ಡ ಮೈಯನ್ನು ಬರೀ ಸೊಪ್ಪಿನ ಮೇಲೆ ಸಾಕುವುದು ಹೇಗೆ ಸಾಧ್ಯ?

ಮೊದಲನೆಯದು, ಅವು ಅಗಿಯುತ್ತಿರಲಿಲ್ಲ. ಎಮ್ಮೆಯಂತೆ ಮೆಲುಕು ಹಾಕುತ್ತ ಕೂರುತ್ತಿರಲಿಲ್ಲ. ಗೂಟದಂಥ ಸಣ್ಣ ಹಲ್ಲಿನಿಂದ ಕಿತ್ತು, ಹಾಗೆಯೇ ನುಂಗಿ, ದೊಡ್ಡ ಹೊಟ್ಟೆಯಲ್ಲಿ ದಿನಗಟ್ಟಲೆ ಹುಳಿಯಲು ಬಿಡುತ್ತಿದ್ದುವು. ಅಗಿಯದ ಬಾಯಿಗೆ ದೊಡ್ಡ ದವಡೆ ಬೇಡ. ಆದುದರಿಂದ ತಲೆ ಚಿಕ್ಕದು. ತಲೆ ಚಿಕ್ಕದಾದುದರಿಂದ ಕತ್ತು ಉದ್ದವಾಗಬಲ್ಲುದು. ಉದ್ದ ಕತ್ತಿದ್ದರೆ ನಿಂತಲ್ಲೇ ನಿಂತು ಸುತ್ತಲಿನ ಸೊಪ್ಪನ್ನೆಲ್ಲ ಎಳೆದುಕೊಳ್ಳಬಹುದು. ಆ ಭಾರೀ ಮೈಯನ್ನು ಹೆಜ್ಜೆಹೆಜ್ಜೆಗೆ ಎತ್ತುವ ಖರ್ಚು ಉಳಿಯಿತು. ಬೆನ್ನು, ಕತ್ತಿನ ಮೂಳೆಗಳು ಹಕ್ಕಿಯ ಮೂಳೆಯಂತೆ ಗಾಳಿಪೊಳ್ಳು, ತೂಕವೂ ಉಳಿಯಿತು.

ಎರಡನೆಯದು, ಸಂತಾನದ ಬಗೆ. ಆನೆ ಸುಮಾರು ಎರಡು ವರ್ಷ ಹೊತ್ತು ಒಂದು ಮರಿ ಹಾಕುತ್ತದೆ. ಇವು ತೆಂಗಿನಕಾಯಿ ಗಾತ್ರದ ಅನೇಕ ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತಿದ್ದುವು. ಮಡಗಾಸ್ಕರಿನ ರಪೆಟೊಸಾರಸ್ ಮರಿಯೊಂದರ ಮೂಳೆಯನ್ನು ಕೊಯ್ದು ನೋಡಿ 2016ರಲ್ಲಿ ವಿಜ್ಞಾನಿಗಳು ಲೆಕ್ಕ ಒಪ್ಪಿಸಿದರು. ಹುಟ್ಟಿದಾಗ ಅದರ ತೂಕ ಮೂರೂವರೆ ಕಿಲೋದ ಆಸುಪಾಸು, ನಮ್ಮ ಮನೆಯ ಕೂಸಿನಷ್ಟೇ. ಕೆಲವೇ ವಾರಗಳಲ್ಲಿ 40 ಕಿಲೋ. ತಾಯಿಯ ಆರೈಕೆಯಿಲ್ಲದೆ ತಾನೇ ನಡೆದು, ತಾನೇ ಮೇಯ್ದ ಮರಿ ಅದು. ಸತ್ತುದು ಹೇಗೆ? ಯಾವ ಹುಲಿಯಂಥ ಪ್ರಾಣಿಯೂ ಹಿಡಿಯಲಿಲ್ಲ. ಬರಗಾಲದಲ್ಲಿ ಮೇವಿಲ್ಲದೆ ಸತ್ತಿರಬೇಕೆಂದು ಅದರ ಮೂಳೆಯೇ ಹೇಳುತ್ತದೆ.

ನೆಲ ಒಡೆಯಿತು

ಸುಮಾರು 18 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾದಲ್ಲಿ ಬಿರುಕು ಮೂಡಿತು. ಒಂದೇ ದಿನದಲ್ಲಿ ಅಲ್ಲ; ಕೋಟಿ ಕೋಟಿ ವರ್ಷಗಳಲ್ಲಿ, ಒಂದೊಂದಾಗಿ. ಆಫ್ರಿಕ ಒಂದು ಕಡೆ ಸರಿಯಿತು. ಭಾರತ ಮತ್ತು ಮಡಗಾಸ್ಕರ್ ಜೊತೆಯಾಗಿ ಅಂಟಾರ್ಕ್ಟಿಕಾದಿಂದ ಬಿಡಿಸಿಕೊಂಡುವು. ಕೊನೆಗೆ ಇವೆರಡೂ ಬೇರೆಯಾದುವು.

ಈ ಕೊನೆಯ ಒಡಕಿನ ಗುರುತು ನಮ್ಮ ಕರ್ನಾಟಕದಲ್ಲಿಯೇ ಇದೆ. ಉಡುಪಿಯ ಬಳಿ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು, ಯಾರೋ ಕಡೆದು ನಿಲ್ಲಿಸಿದಂತೆ ಕಾಣುವ ಕಲ್ಲಿನ ಕಂಬಗಳನ್ನು ನೋಡಿರುತ್ತಾರೆ. ಯಾವ ಶಿಲ್ಪಿಯೂ ಕಡೆದುದಲ್ಲ. ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಹರಿದುಹೋಗುವ ಕಾಲಕ್ಕೆ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಉಕ್ಕಿದ ಲಾವಾ ಆರುವಾಗ ಹಾಗೆ ಸೀಳಿಕೊಂಡಿತು. ನಮ್ಮ ನಾಡಿನ ಬಂಡೆಗಳಲ್ಲಿ ಹೆಚ್ಚಿನವು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್ ಅವುಗಳಲ್ಲಿ ಸಿಕ್ಕುವಂತಿಲ್ಲ. ಆದರೆ ಅವುಗಳ ನೆಲ ಒಡೆದ ಗಾಯದ ಕಲೆ ಮಲ್ಪೆಯ ಸಮುದ್ರದಲ್ಲಿ ನಿಂತಿದೆ.

ನೆಲ ಒಡೆದಾಗ ದೈತ್ಯರೂ ಪಾಲಾದುವು. ಒಂದೊಂದು ತುಂಡಿನ ಮೇಲೆ ಒಂದೊಂದು ಪಂಗಡ. ಬೇರೆ ಬೇರೆ ಹವೆ, ಬೇರೆ ಬೇರೆ ಸೊಪ್ಪು. ಮಡಗಾಸ್ಕರಿನಲ್ಲಿ ರಪೆಟೊಸಾರಸ್, ನಮ್ಮಲ್ಲಿ ಮಹಾರಾಷ್ಟ್ರದ ಡೊಂಗರಗಾಂವ್‌ನಲ್ಲಿ ಸಿಕ್ಕಿದ ಇಸಿಸಾರಸ್ ಎಂದು ಬೇರೆ ಬೇರೆ ಜಾತಿಗಳಾದುವು. ಮೂಲದ ಗುರುತು ಮಾತ್ರ ಮೂಳೆಯಲ್ಲಿ ಉಳಿಯಿತು.

ಆಸ್ಟ್ರೇಲಿಯದ ಕಥೆ ಇನ್ನೂ ವಿಚಿತ್ರ. ಕ್ವೀನ್ಸ್‌ಲ್ಯಾಂಡಿನ ವಿಂಟನ್ ಎಂಬ ಊರಿನ ಬಳಿಯ ದನ ಕುರಿ ಮೇಯುವ ಬಯಲಿನಲ್ಲಿ ಡಯಾಮಂಟಿನಾಸಾರಸ್, ಸವನ್ನಾಸಾರಸ್ ಎಂಬ ಟೈಟಾನೊಸಾರ್‌ಗಳು ಸಿಕ್ಕಿವೆ. ಅವುಗಳ ಪೂರ್ವಿಕರು ದಕ್ಷಿಣ ಅಮೆರಿಕದಿಂದ ಅಂಟಾರ್ಕ್ಟಿಕಾದ ಮೂಲಕ ನಡೆದು ಬಂದಿರಬೇಕೆಂದು 2016ರಲ್ಲಿ ವಿಜ್ಞಾನಿಗಳು ವಾದಿಸಿದರು. ಆ ಮೂರು ನೆಲಗಳು ಆಗಿನ್ನೂ ಕೂಡಿದ್ದುವು. ಆದರೂ ಧ್ರುವದ ಚಳಿ ಹಾದಿಯನ್ನು ಮುಚ್ಚಿತ್ತು. ಸುಮಾರು 10 ಕೋಟಿ ವರ್ಷಗಳ ಹಿಂದೆ ಭೂಮಿ ಬೆಚ್ಚಗಾದಾಗ ತೆರೆಯಿತು. ಅಂದು ಸೆಕೆ ಮುಚ್ಚಿದ ಬಾಗಿಲು, ಇಂದು ಚಳಿ ಮುಚ್ಚಿದ ಬಾಗಿಲು. ಎರಡು ಸಲವೂ ಸೊಪ್ಪು ಚಿಗುರಿದ ಮೇಲೆಯೇ ದೈತ್ಯರು ಹೆಜ್ಜೆಯಿಟ್ಟುದು.

ನರ್ಮದೆಯ ದಂಡೆಯ ಗೂಡುಗಳು

ಇತ್ತ ಭಾರತ ಒಂಟಿ ದ್ವೀಪವಾಗಿ, ವರ್ಷಕ್ಕೆ 15 ಸೆಂಟಿಮೀಟರಿನಷ್ಟು ವೇಗದಿಂದ ಉತ್ತರಕ್ಕೆ ಸಾಗಿತ್ತು. ಗೇಣಿಗಿಂತ ಕಡಿಮೆ ಎನ್ನಬೇಡಿ. ಖಂಡಗಳ ಲೆಕ್ಕದಲ್ಲಿ ಅದು ಓಟವೇ ಸರಿ. ಆ ದ್ವೀಪದ ಮೇಲೆ ದೈತ್ಯರು ಬದುಕಿದ್ದುವೆಂಬುದಕ್ಕೆ ನರ್ಮದಾ ಕಣಿವೆಯಲ್ಲಿ, ಗುಜರಾತಿನಲ್ಲಿ ಹೇರಳ ಸಾಕ್ಷಿಯಿದೆ. 1980ರ ದಶಕದ ಆರಂಭದಲ್ಲಿ ಗುಜರಾತಿನ ಬಾಲಾಸಿನೋರ್ ಹತ್ತಿರ ಸಿಮೆಂಟಿಗಾಗಿ ಸುಣ್ಣಕಲ್ಲು ಒಡೆಯುವ ಗಣಿಯಲ್ಲಿ ಚೆಂಡಿನಂಥ ಕಲ್ಲುಗಳು ಕಂಡುವು. ಅವು ಮೊಟ್ಟೆಗಳು. 2023ರಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯ 92 ಗೂಡುಗಳ, 256 ಮೊಟ್ಟೆಗಳ ವಿವರ ಪ್ರಕಟವಾಯಿತು. ಗೂಡುಗಳು ಒತ್ತೊತ್ತಾಗಿವೆ, ದೊಡ್ಡ ತಾಯಂದಿರು ನಡುವೆ ತಿರುಗಾಡಲು ಜಾಗವಿಲ್ಲ. ಇಟ್ಟು ಹೋದರೆಂಬುದಕ್ಕೆ ಇದೂ ಒಂದು ಸಾಕ್ಷಿ.

ಕಾವಲಿಲ್ಲದ ಗೂಡಿಗೆ ಕಳ್ಳ ಬರದೆ ಇರುತ್ತಾನೆಯೇ? ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಮೂರೂವರೆ ಮೀಟರ್ ಉದ್ದದ ಹಾವೊಂದು ಒಡೆದ ಮೊಟ್ಟೆಯನ್ನು ಸುತ್ತಿಕೊಂಡು, ಪಕ್ಕದಲ್ಲಿ ಆಗತಾನೆ ಹೊರಬಂದ ಮರಿ ಇರುವಾಗಲೇ, ಮಣ್ಣು ಕುಸಿದು ಎಲ್ಲವೂ ಹಾಗೆಯೇ ಕಲ್ಲಾಗಿ ನಿಂತಿವೆ. ಸನಾಜೆ ಎಂದು ಆ ಹಾವಿಗೆ 2010ರಲ್ಲಿ ಹೆಸರಿಟ್ಟರು.

ಏನು ತಿನ್ನುತ್ತಿದ್ದುವು ಎಂಬುದಕ್ಕೂ ಪುರಾವೆ ಸಿಕ್ಕಿದೆ, ಅದು ಸಗಣಿ! ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕಿದ ಕಲ್ಲಾದ ಸಗಣಿಯನ್ನು ಅರೆದು ನೋಡಿದಾಗ, ತಾಳೆಯ ಬಳಗ, ಸೂಜಿಯೆಲೆಯ ಮರಗಳ ಬಳಗ ಇವುಗಳ ಜೊತೆಗೆ ಹುಲ್ಲಿನ ಕಣಗಳೂ ಕಂಡುವು. ಅದುವರೆಗೆ ಹುಲ್ಲು ಹುಟ್ಟಿದ್ದು ಡೈನೋಸಾರ್‌ಗಳು ಅಳಿದ ಮೇಲೆ ಎಂಬ ನಂಬಿಕೆಯಿತ್ತು; 2005ರ ಈ ಶೋಧ ಅದನ್ನು ಕೆಡವಿತು. ಆ ಹುಲ್ಲುಗಳಲ್ಲಿ ನಮ್ಮ ಭತ್ತದ ದೂರದ ನೆಂಟರೂ ಇದ್ದುವೆಂದು ಪಂಡಿತರು ಹೇಳುತ್ತಾರೆ. ಸಿಕ್ಕಿದ ಸೊಪ್ಪಿಗೆಲ್ಲ ಬಾಯಿ ಹಾಕಿದುದರಿಂದಲೇ ಅವು ಒಡೆದ ನೆಲದ ಪ್ರತಿ ತುಂಡಿನ ಮೇಲೂ ಬಾಳಿದುವು. ಮೊದಲ ಪೂರ್ವಿಕರಿಂದ ಕೊನೆಯ ಮರಿಯವರೆಗೆ ಲೆಕ್ಕ ಹಾಕಿದರೆ 16 ಕೋಟಿ ವರ್ಷಕ್ಕೂ ಹೆಚ್ಚು.

ಮೇವಿನ ಸರಪಳಿ ಕಡಿಯಿತು

ಆಮೇಲೆ ದಖ್ಖನ್ ಬಾಯಿ ಬಿಟ್ಟಿತು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಅದರ ಹೊದಿಕೆಯ ಕೆಳಗಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಬಹುಭಾಗ ಅದರಲ್ಲಿ ಸೇರಿದೆ. ಆದರೂ ದೈತ್ಯರು ಕೂಡಲೇ ಅಳಿಯಲಿಲ್ಲ. ಕಚ್ಛದ ಅಂಜಾರಿನಲ್ಲಿ ಎರಡು ಲಾವಾ ಪದರಗಳ ನಡುವಣ ಮಣ್ಣಿನಲ್ಲಿ ಡೈನೋಸಾರ್ ಮೂಳೆ, ಮೊಟ್ಟೆಯ ಚಿಪ್ಪು ದೊರೆತಿವೆ. ಒಂದು ಉಕ್ಕಿಗೂ ಇನ್ನೊಂದಕ್ಕೂ ನಡುವೆ ಸಿಕ್ಕಿದ ಬಿಡುವಿನಲ್ಲಿ, ಹಸುರು ಚಿಗುರಿದ ಕಡೆ ಅವು ಮತ್ತೆ ಮೇಯ್ದಿವೆ.

ಅದೇ ಕಾಲಕ್ಕೆ ಆಕಾಶದಿಂದ ಹತ್ತು ಕಿಲೋಮೀಟರಿನಷ್ಟು ಅಗಲದ ಬಂಡೆಯೊಂದು ಈಗಿನ ಮೆಕ್ಸಿಕೋದ ಚಿಕ್ಸುಲೂಬಿನಲ್ಲಿ ಅಪ್ಪಳಿಸಿತು. ಧೂಳು, ಮಸಿ ಆಕಾಶಕ್ಕೇರಿ ಬಿಸಿಲನ್ನು ಮುಚ್ಚಿದುವು. ಬಿಸಿಲಿಲ್ಲದೆ ಎಲೆಯಿಲ್ಲ, ಎಲೆಯಿಲ್ಲದೆ ಸೊಪ್ಪು ತಿನ್ನುವವರಿಲ್ಲ, ಅವರಿಲ್ಲದೆ ಅವರನ್ನು ತಿನ್ನುವವರೂ ಇಲ್ಲ. ಮೊದಲು ದೈತ್ಯರು ಬಿದ್ದುವು, ಬೆನ್ನಿಗೇ ಅವನ್ನು ಬೇಟೆಯಾಡಿ ಬದುಕುತ್ತಿದ್ದ ರಾಜಾಸಾರಸ್‌ನಂಥ ಗಟ್ಟಿ ಹಲ್ಲಿನವರೂ ಬಿದ್ದರು. ಉಳಿದುವು ಸಣ್ಣ ಜೀವಗಳು: ಕಾಳು ಹೆಕ್ಕುವ ಹಕ್ಕಿ, ಬಿಲದೊಳಗಿನ ಪ್ರಾಣಿ, ಕೊಳೆತುದನ್ನು ತಿನ್ನುವ ಹುಳು. ನೆಲ ಹರಿದಾಗ ಬದುಕಿದ ಬಳಗ, ಸಮುದ್ರ ಅಡ್ಡ ಬಂದಾಗ ಬದುಕಿದ ಬಳಗ, ಮೇವು ನಿಂತಾಗ ಬದುಕಲಿಲ್ಲ. ಎಷ್ಟು ದೊಡ್ಡ ಮೈಯಾದರೂ ಕೆಳಗಿನ ಹಸುರೆಲೆಯ ಸಾಲಗಾರನೇ.

ನಾವು ಮಾಡಬೇಕಾದುದು

ಇಷ್ಟೆಲ್ಲ ತಿಳಿದುದು ಯಾರ ಕಣ್ಣಿನಿಂದ ಎಂಬುದನ್ನು ಸ್ವಲ್ಪ ನೆನೆಯಿರಿ. ಪಾಟಗೊಟೈಟನ್ ಕಂಡವನು ಜಮೀನಿನ ಕೂಲಿಯಾಳು. 1987ರಲ್ಲಿ ಅರ್ಜೆಂಟೈನಾದ ಇನ್ನೊಂದು ದೈತ್ಯ ಅರ್ಜೆಂಟಿನೊಸಾರಸ್ಸಿನ ಮೂಳೆಯನ್ನು ಕಲ್ಲಾದ ಮರವೆಂದು ತಿಳಿದೂ ಬಿಡದೆ ಸುದ್ದಿ ಮುಟ್ಟಿಸಿದವನು ಒಬ್ಬ ರೈತ. ಬಾಲಾಸಿನೋರಿನ ಮೊಟ್ಟೆಗಳು ಬೆಳಕಿಗೆ ಬಂದುದು ಕಲ್ಲು ಒಡೆಯುವ ಗಣಿಯಲ್ಲಿ. ಹೆಸರಿಡುವುದು, ಅಳೆಯುವುದು ಪಂಡಿತರ ಕೆಲಸ, ಅದಕ್ಕೆ ಅವರ ಓದು ಬೇಕು. ಆದರೆ ಮೊದಲು ಕಾಣುವುದು ನೆಲದ ಮೇಲೆ ದುಡಿಯುವವರ ಕಣ್ಣು. ಆ ಕಣ್ಣಿಗೆ ತಾನು ಕಂಡುದು ಏನೆಂದು ತಿಳಿಯದಿದ್ದರೆ, ಮರುಕ್ಷಣದಲ್ಲಿ ಸುತ್ತಿಗೆ ಬೀಳುತ್ತದೆ, ಮೊಟ್ಟೆ ಸಿಮೆಂಟಾಗುತ್ತದೆ.

ಜಬಲ್ಪುರದ ಮೂಳೆ ಸರ್ಕಾರದ ಕೈಯಲ್ಲಿದ್ದೇ ಕಾಣೆಯಾಗಿ ದಶಕಗಟ್ಟಲೆ ಸಿಕ್ಕಲಿಲ್ಲ. ಬಯಲಿನಲ್ಲಿ ಬಿದ್ದುದರ ಗತಿ ಏನೆಂದು ಊಹಿಸಬಹುದು. ಇಂಥ ತಾಣಗಳನ್ನು, ಪಳೆಯುಳಿಕೆಗಳನ್ನು ಕಾಪಾಡಲು ಕೇಂದ್ರದ ಗಣಿ ಇಲಾಖೆ 2022ರಲ್ಲಿ ಒಂದು ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ಕರಡಿನಿಂದಲೇ ಕಲ್ಲು ಉಳಿಯದು. ಕಾನೂನು ಬಂದರೂ ಗಣಿಯಲ್ಲಿ ದುಡಿಯುವವನಿಗೆ, ಹೊಲ ಉಳುವವನಿಗೆ, ಆ ಊರಿನ ಸಂತೆಯಲ್ಲಿ ಅಂಗಡಿ ಹಾಕುವವನಿಗೆ ವಿಷಯ ಗೊತ್ತಿಲ್ಲದಿದ್ದರೆ ಅದು ಕಾಗದದಲ್ಲೇ ಇರುತ್ತದೆ.

ನಮ್ಮಲ್ಲಿ ಎಷ್ಟೋ ಜನರ ಅಣ್ಣತಮ್ಮಂದಿರು ಮಹಾರಾಷ್ಟ್ರ, ಗುಜರಾತಿನ ಕಡೆ ಕಲ್ಲಿನ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಇಷ್ಟು ಹೇಳಿ. ಲಾವಾ ಬಂಡೆಯ ಕೆಳಗಣ ಸುಣ್ಣಮಣ್ಣಿನಲ್ಲಿ ತೆಂಗಿನಕಾಯಿಯಂತೆ ಗುಂಡಗಿನ ಕಲ್ಲು ಗುಂಪಾಗಿ ಕಂಡರೆ, ಎಲುಬಿನಂತೆ ಒಳಗೆ ಸಣ್ಣ ತೂತುಗಳಿರುವ ಭಾರದ ಕಲ್ಲು ಕಂಡರೆ, ಒಡೆಯಬೇಡಿ, ಕೀಳಬೇಡಿ, ಮಾರಬೇಡಿ. ಇದ್ದ ಜಾಗದಲ್ಲೇ ಬಿಟ್ಟು ಹತ್ತಿರದ ಕಾಲೇಜಿನ ಭೂಗರ್ಭಶಾಸ್ತ್ರದ ಮೇಷ್ಟರಿಗೋ, ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೋ ಸುದ್ದಿ ಮುಟ್ಟಿಸಿ. ಜಾಗದಿಂದ ಕಿತ್ತ ಮೂಳೆ ಅರ್ಧ ಸಾಕ್ಷಿ. ಯಾವ ಪದರದಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬುದೇ ಉಳಿದರ್ಧ. ಆ ಹಾವನ್ನು ಗೂಡಿನಿಂದ ಕಿತ್ತು ತಂದಿದ್ದರೆ, ಅದು ಮರಿ ತಿನ್ನಲು ಬಂದಿತ್ತೆಂದು ಯಾರಿಗೆ ತಿಳಿಯುತ್ತಿತ್ತು?

ಒಬ್ಬೊಬ್ಬರೂ ಮನೆಗೆ ಹೋಗಿ ಮಕ್ಕಳಿಗೆ ಈ ಕಥೆ ಹೇಳಿ. ಬೇಸಿಗೆಯ ರಜೆಯಲ್ಲಿ ಕೂಟದ ವತಿಯಿಂದ ಮಲ್ಪೆಯ ದ್ವೀಪಕ್ಕೆ ಹೋಗಿಬರುವ ಏರ್ಪಾಟು ಮಾಡೋಣವೇ ಎಂಬುದನ್ನು ಕಾರ್ಯದರ್ಶಿಗಳ ಮುಂದಿಟ್ಟು ನನ್ನ ಮಾತು ಮುಗಿಸುತ್ತೇನೆ.